ಮನೆ ಸ್ಟುಡಿಯೊದಲ್ಲಿ ಅನಲಾಗ್ ಮತ್ತು ಡಿಜಿಟಲ್ ಮಿಕ್ಸಿಂಗ್

ಮಿಕ್ಸಿಂಗ್ ಅಥವಾ ಧ್ವನಿ ಮಿಶ್ರಣವೆಂದರೆ ಪ್ರತ್ಯೇಕವಾಗಿ ಮುದ್ರಿಸಿಕೊಂಡ ಗಾಯನ ಮತ್ತು ವಾದ್ಯಗಳ ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸಿ, ಸಾಮಾನ್ಯವಾಗಿ ಎರಡು ಚಾನೆಲ್‌ಗಳ ಸ್ಟೀರಿಯೊ ಧ್ವನಿಯಾಗಿಸುವ ಕೆಲಸ. ಅನಲಾಗ್ ವಿಧಾನದಲ್ಲಿ ಮಿಕ್ಸರ್‌ನೊಳಗೆ ವಿದ್ಯುತ್ ಸಂಕೇತಗಳೇ ಕೂಡಿಕೊಳ್ಳುತ್ತವೆ. ಡಿಜಿಟಲ್ ವಿಧಾನದಲ್ಲಿ ಗಣಕಯಂತ್ರವು ಸಂಖ್ಯೆಗಳನ್ನು ಕೂಡುತ್ತದೆ.

1979ರಲ್ಲಿ ಬಂದ ಟಿಯಾಕ್ ಸಂಸ್ಥೆಯ ಪೋರ್ಟಾಸ್ಟುಡಿಯೊ 144 ಎಂಬ ಯಂತ್ರವು ಮನೆಯಲ್ಲೇ ಬಹುಟ್ರ್ಯಾಕ್ ಮುದ್ರಣವನ್ನು ಸುಲಭಗೊಳಿಸಿತು. ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕ್‌ಗಳನ್ನು ಮುದ್ರಿಸುವ ಇದರಲ್ಲಿ ಮಿಕ್ಸರ್ ಕೂಡ ಅಡಕವಾಗಿತ್ತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ‘ನೆಬ್ರಾಸ್ಕ’ (1982) ಸಂಪುಟದ ಹಾಡುಗಳನ್ನು ಮನೆಯಲ್ಲಿ ಮುದ್ರಿಸಿದ್ದು ಇದರಲ್ಲಿಯೇ. ಐದನೆಯ ವಾದ್ಯ ಬೇಕಾದರೆ ಹಿಂದಿನ ಟ್ರ್ಯಾಕ್‌ಗಳನ್ನು ಒಂದರಲ್ಲಿ ಬೆರೆಸಿ ಜಾಗ ಮಾಡಿಕೊಳ್ಳಬೇಕಾಗಿತ್ತು. ಹಾಗೆ ಮರುಮುದ್ರಿಸಿದಾಗಲೆಲ್ಲ ಟೇಪಿನ ‘ಹಿಸ್’ ಸದ್ದು ಹೆಚ್ಚುತ್ತಿತ್ತು. ಬೆರೆಸಿದ್ದನ್ನು ಮತ್ತೆ ಬೇರ್ಪಡಿಸುವಂತೆಯೂ ಇರಲಿಲ್ಲ.

ಎರಡರ ವ್ಯತ್ಯಾಸವು ಸ್ಪಷ್ಟವಾಗುವುದು ಧ್ವನಿಮಟ್ಟ ಮಿತಿ ಮೀರಿದಾಗ. ಟೇಪಿನಲ್ಲಿ ಧ್ವನಿಯು ಕ್ರಮೇಣ ವಿರೂಪಗೊಳ್ಳುತ್ತದೆ. ಹಲವರಿಗೆ ಈ ವಿರೂಪವೇ ಹಿತ. ಡಿಜಿಟಲ್ ಪರಿವರ್ತಕದಲ್ಲಾದರೋ ಗರಿಷ್ಠ ಮಟ್ಟವಾದ 0 ಡೆಸಿಬೆಲ್ ದಾಟಿದೊಡನೆ ತರಂಗದ ತುದಿ ಕತ್ತರಿಸಿಹೋಗಿ ಧ್ವನಿ ಕರ್ಕಶವಾಗುತ್ತದೆ. ಆದರೆ 24 ಬಿಟ್ ಮುದ್ರಣದ ಸೈದ್ಧಾಂತಿಕ ವ್ಯಾಪ್ತಿ ಸುಮಾರು 144 ಡೆಸಿಬೆಲ್ ಇರುವುದರಿಂದ, ಮಟ್ಟವನ್ನು ಸಾಕಷ್ಟು ತಗ್ಗಿಸಿ ಮುದ್ರಿಸಿದರೂ ಗುಣಮಟ್ಟ ಕೆಡುವುದಿಲ್ಲ.

ಗಣಕದಲ್ಲಿ ಮುದ್ರಿಸಿದ್ದನ್ನು ಅನಲಾಗ್ ಮಿಕ್ಸರ್‌ನಲ್ಲಿ ಬೆರೆಸಬೇಕಾದರೆ ಸಂಕೇತವನ್ನು ಎರಡು ಬಾರಿ ಪರಿವರ್ತಿಸಬೇಕು. ಅನೇಕ ಔಟ್‌ಪುಟ್‌ಗಳಿರುವ ಇಂಟರ್‌ಫೇಸ್ ಸಹ ಬೇಕು. ಸಣ್ಣ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಆ ಹಣವನ್ನು ಕೋಣೆಯ ಪ್ರತಿಫಲನ ತಗ್ಗಿಸಲು ಬಳಸುವುದೇ ಹೆಚ್ಚು ಉಪಯುಕ್ತ. ಡಿಜಿಟಲ್ ಮಿಶ್ರಣದ ಹೊಂದಾಣಿಕೆಗಳೆಲ್ಲ ಕಡತದಲ್ಲಿ ಉಳಿಯುತ್ತವೆ. ಸಾಮಾನ್ಯ ಅನಲಾಗ್ ಮಿಕ್ಸರ್‌ನಲ್ಲಿ ಪ್ರತಿಯೊಂದು ಗುಂಡಿಯ ಸ್ಥಾನವನ್ನು ಬರೆದಿಡಬೇಕು, ಇಲ್ಲವೇ ಚಿತ್ರ ತೆಗೆದಿಡಬೇಕು.