ತಂತ್ರಾಂಶ ಹೋದರೂ ಸಂಗ್ರಹ ಉಳಿಯಬೇಕು

ಮನೆಯ ಕಂಪ್ಯೂಟರಿನಲ್ಲೋ ಅದಕ್ಕೆ ಸಿಕ್ಕಿಸುವ ಹಾರ್ಡ್‌ಡಿಸ್ಕಿನಲ್ಲೋ ಇವತ್ತು ಎರಡು ಮೂರು ತಲೆಮಾರಿನ ನೆನಪುಗಳು ತುಂಬಿಕೊಂಡಿರುತ್ತವೆ. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಭಾವಗೀತೆಗಳು, ಟೇಪಿನಿಂದ ಡಿಜಿಟಲ್ ಮಾಡಿಸಿದ ಮದುವೆ ವಿಡಿಯೊ, ಸ್ಕ್ಯಾನ್ ಮಾಡಿಸಿದ ಅಜ್ಜ ಅಜ್ಜಿಯರ ಕಪ್ಪು-ಬಿಳುಪು ಚಿತ್ರಗಳು, ಹಳೆಯ ಮೊಬೈಲುಗಳಿಂದ ಸುರಿದುಕೊಂಡ ಸಾವಿರಾರು ಫೋಟೊಗಳು. ಇವನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸಿ, ಬೇಕೆಂದಾಗ ಹುಡುಕಿಕೊಡುವ ತಂತ್ರಾಂಶಗಳು ಬಂದು ಕಾಲು ಶತಮಾನವಾಗಿದೆ. ಅವುಗಳ ಬಗ್ಗೆ ಮಾತು ಬಂದಾಗ ನೋಡಲು ಎಷ್ಟು ಚೆಂದ, ಎಷ್ಟು ಚುರುಕು, ಮುಖ ಗುರುತಿಸುತ್ತದೆಯೇ ಎಂಬುದರ ಸುತ್ತಲೇ ಚರ್ಚೆ ಸುತ್ತುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಫೋಟೊದಲ್ಲಿರುವವರು ಯಾರು, ಹಾಡಿದವರು ಯಾರು ಎಂದು ಮನೆಯವರು ಕೂತು ಬರೆದ ವಿವರವನ್ನು ಆ ತಂತ್ರಾಂಶ ಎಲ್ಲಿ ಇಡುತ್ತದೆ? ತಂತ್ರಾಂಶವೇ ಇಲ್ಲವಾದ ದಿನ ಆ ವಿವರ ಮನೆಯವರ ಕೈಯಲ್ಲಿ ಉಳಿಯುತ್ತದೆಯೇ? ಉಳಿಯುವ ಹಾಗೆ ಕಟ್ಟುವುದೇ ಇಂಥ ತಂತ್ರಾಂಶ ಬರೆಯುವವರ ಮೊದಲ ಕರ್ತವ್ಯ, ಮಿಕ್ಕ ಸೌಲಭ್ಯಗಳೆಲ್ಲ ಅದರ ನಂತರ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಆತಂಕ ಬರೀ ಊಹೆಯಲ್ಲ ಎಂಬುದಕ್ಕೆ ಪಿಕಾಸಾದ ಕತೆಯೇ ಸಾಕ್ಷಿ. 2002ರಲ್ಲಿ ಹುಟ್ಟಿದ ಈ ಫೋಟೊ ತಂತ್ರಾಂಶವನ್ನು ಗೂಗಲ್ 2004ರಲ್ಲಿ ಕೊಂಡು, ಉಚಿತವಾಗಿ ಹಂಚಿತು. 2009ರಲ್ಲಿ ಮುಖ ಗುರುತಿಸುವ ಸೌಲಭ್ಯವೂ ಅದಕ್ಕೆ ಸೇರಿತು. ಇವರು ಚಿಕ್ಕಪ್ಪ, ಇವರು ಸೋದರತ್ತೆ ಎಂದು ಜನ ತಾಳ್ಮೆಯಿಂದ ಒಂದೊಂದೇ ಮುಖಕ್ಕೆ ಹೆಸರು ಕೊಟ್ಟರು. 2016ರ ಮಾರ್ಚ್ 15ರಿಂದ ಗೂಗಲ್ ಅದಕ್ಕೆ ಬೆಂಬಲ ನಿಲ್ಲಿಸಿತು. ಫೋಟೊಗಳೇನೋ ಇದ್ದಲ್ಲೇ ಇದ್ದವು. ಜೆಪೆಗ್ ಚಿತ್ರಗಳಿಗೆ ಬರೆದ ಅಡಿಬರಹಗಳು ಚಿತ್ರದ ಫೈಲಿನೊಳಗೇ ಸೇರಿದ್ದರಿಂದ ಅವೂ ಉಳಿದವು. ಆದರೆ ಆಲ್ಬಮ್‌ಗಳ ಜೋಡಣೆ ಮತ್ತು ಮುಖಗಳ ಹೆಸರು ಇದ್ದದ್ದು ಪಿಕಾಸಾದ ಸ್ವಂತ ದಾಖಲೆಗಳಲ್ಲಿ. ಹೆಸರುಗಳನ್ನು ಫೋಟೊದೊಳಗೇ ಬರೆಯುವ ಆಯ್ಕೆ ಮುಂದೆ ಬಂತಾದರೂ ಅದನ್ನು ಬಳಸುವವರೇ ಹುಡುಕಿ ಚಾಲೂ ಮಾಡಬೇಕಿತ್ತು. ಹಾಗೆ ಮಾಡದವರು ಬೇರೆ ತಂತ್ರಾಂಶಕ್ಕೆ ಹೋದಾಗ ಮುಖಗಳು ಬಂದವು, ಹೆಸರುಗಳು ತಾವಾಗಿ ಹಿಂದೆ ಬರಲಿಲ್ಲ. ಒಬ್ಬರದೇ ಶ್ರಮ, ಒಂದೇ ತಂತ್ರಾಂಶ. ಆದರೂ ಫೈಲಿನೊಳಗೆ ಹೋದದ್ದು ದಕ್ಕಿತು, ಹೊರಗೆ ನಿಂತದ್ದು ತೊಡಕಿಗೆ ಸಿಕ್ಕಿತು.

ಪಿಕಾಸಾ ಒಂದರದೇ ಪಾಡಲ್ಲ ಇದು. ಟಿವಿಯ ಮುಂದೆ ಕೂತು ಹಾಡು, ಸಿನಿಮಾ, ಫೋಟೊ ಎಲ್ಲವನ್ನೂ ನೋಡಲೆಂದು 2002ರಲ್ಲಿ ಬಂದ ವಿಂಡೋಸ್ ಮೀಡಿಯಾ ಸೆಂಟರನ್ನು 2015ರ ವಿಂಡೋಸ್ 10 ಕೈಬಿಟ್ಟಿತು. 2001ರಲ್ಲಿ ಬಂದ ಆಪಲ್‌ನ ಐಟ್ಯೂನ್ಸ್ 2019ರಲ್ಲಿ ಮ್ಯಾಕ್ ಕಂಪ್ಯೂಟರುಗಳಲ್ಲಿ ಮೂರು ತುಂಡಾಯಿತು. ಹಾಡಿಗೆ ಕೊಟ್ಟ ನಕ್ಷತ್ರಗಳನ್ನೂ ಎಷ್ಟು ಸಲ ಕೇಳಿದೆವೆಂಬ ಲೆಕ್ಕವನ್ನೂ ಐಟ್ಯೂನ್ಸ್ ಹಾಡಿನ ಫೈಲಿನಲ್ಲಿ ಬರೆಯದೆ ತನ್ನ ಲೈಬ್ರರಿಯಲ್ಲೇ ಇಟ್ಟುಕೊಳ್ಳುತ್ತಿತ್ತು. ಇದಕ್ಕೆ ಯಾರನ್ನೂ ದೂರಬೇಕಿಲ್ಲ. ಕಂಪನಿಗಳ ಆದ್ಯತೆ ಬದಲಾಗುವುದು, ಉಚಿತ ತಂತ್ರಾಂಶ ಬರೆಯುವವರಿಗೆ ಬಿಡುವು ಸಿಗದಾಗುವುದು ಎರಡೂ ಸಹಜ. ಹದಿನೈದು ವರ್ಷ ಬಾಳಿದ ತಂತ್ರಾಂಶವನ್ನು ದೀರ್ಘಾಯುಷಿ ಎನ್ನಬಹುದು. ಮದುವೆ ಫೋಟೊಗೆ ಹದಿನೈದು ವರ್ಷ ಯಾವ ಲೆಕ್ಕ? ಆಯುಷ್ಯದಲ್ಲಿ ಇಷ್ಟು ಅಂತರವಿರುವಾಗ ಹೆಚ್ಚು ಬಾಳುವುದನ್ನು ಕಡಿಮೆ ಬಾಳುವುದಕ್ಕೆ ಕಟ್ಟಿಹಾಕಬಾರದು.

ಹಾಗಾದರೆ ವಿವರ ಎಲ್ಲಿರಬೇಕು? ಗ್ರಂಥಾಲಯದ ರಿಜಿಸ್ಟರು ಕಳೆದುಹೋದರೂ ಒಳಪುಟದಲ್ಲಿ ಹೆಸರು ಅಚ್ಚಾಗಿರುವುದರಿಂದ ಪುಸ್ತಕ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ. ಫೈಲಿಗೂ ಅಂಥದೊಂದು ಒಳಪುಟ ಬೇಕು. ಎಂಪಿ3 ಹಾಡುಗಳಿಗೆ ಅದನ್ನು ಮೊದಲು ಒದಗಿಸಿದ್ದು 1996ರ ಐಡಿ3 ಪದ್ಧತಿ. ಎರಿಕ್ ಕೆಂಪ್ ರೂಪಿಸಿದ ಆ ಪದ್ಧತಿಯಲ್ಲಿ ಫೈಲಿನ ಕೊನೆಯ 128 ಬೈಟುಗಳು ವಿವರಕ್ಕೆ ಮೀಸಲು: ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್‌ಗೆ 30, ವರ್ಷಕ್ಕೆ 4, ಹೀಗೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟಾದರೆ ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ‘ಪಿ.ಬಿ. ಶ್ರೀನಿವಾಸ್’ ಎಂಬ ಹೆಸರೊಂದೇ 45 ಬೈಟು. 30ರ ಖಾನೆಯಲ್ಲಿ ಅದು ಹಿಡಿಸುವುದೇ ಇಲ್ಲ. 1998ರಲ್ಲಿ ಬಂದ ಎರಡನೇ ಆವೃತ್ತಿ ಈ ಇಕ್ಕಟ್ಟನ್ನು ತೆಗೆದುಹಾಕಿ ಯೂನಿಕೋಡಿಗೂ ಬಾಗಿಲು ತೆರೆಯಿತು. ಚಿತ್ರಗಳ ಕಡೆಯಲ್ಲಿ, ತೆಗೆದ ದಿನ ಮತ್ತು ಕ್ಯಾಮೆರಾದ ವಿವರ ಬರೆದಿಡುವ ಎಕ್ಸಿಫ್ 1995ರಲ್ಲಿ ಜಪಾನಿನಿಂದ ಬಂತು. ಹೆಸರು, ಜಾಗ, ಟಿಪ್ಪಣಿ ಎಲ್ಲಕ್ಕೂ ಒಗ್ಗುವ ಎಕ್ಸ್‌ಎಂಪಿಯನ್ನು ಅಡೋಬಿ 2001ರಲ್ಲಿ ಹೊರತಂದಿತು. 2012ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಇವು ಯಾವುದೇ ತಂತ್ರಾಂಶ ಓದಬಹುದಾದ ಬಹಿರಂಗ ಪದ್ಧತಿಗಳು. ಇವಿರುವಾಗ ಮನೆಯವರ ಮಾತನ್ನು ತನ್ನ ಗುಪ್ತ ದಾಖಲೆಯಲ್ಲಿ ಮಾತ್ರ ಇಟ್ಟುಕೊಳ್ಳಲು ತಂತ್ರಾಂಶಕ್ಕೆ ಕಾರಣ ಉಳಿಯುವುದಿಲ್ಲ.

ಇಲ್ಲಿ ತಂತ್ರಜ್ಞರು ಎತ್ತುವ ಮೊದಲ ಆಕ್ಷೇಪ ವೇಗದ್ದು. ಐವತ್ತು ಸಾವಿರ ಫೈಲುಗಳನ್ನು ಪ್ರತಿ ಸಲ ತೆರೆದು ಓದುತ್ತ ಕೂತರೆ ಹುಡುಕಾಟ ಮುಗಿಯುವುದು ಯಾವಾಗ? ಆಕ್ಷೇಪ ಸರಿಯಾದದ್ದೇ. ಡಿಜಿಕ್ಯಾಮ್, ಲೈಟ್‌ರೂಮ್, ಕೋಡಿಯಂಥ ತಂತ್ರಾಂಶಗಳು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬಳಸುವುದು ಅದಕ್ಕಾಗಿಯೇ. ಡೇಟಾಬೇಸ್ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದು ಫೈಲುಗಳಿಂದ ಎತ್ತಿಕೊಂಡ ನಕಲಾಗಿರಬೇಕು, ಮೂಲವಾಗಬಾರದು. ವಿನ್ಯಾಸ ಸರಿಯಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ: ಡೇಟಾಬೇಸನ್ನು ಪೂರ್ತಿ ಅಳಿಸಿ ತಂತ್ರಾಂಶವನ್ನು ಮತ್ತೆ ತೆರೆಯಬೇಕು. ಒಂದಷ್ಟು ಹೊತ್ತು ಫೋಲ್ಡರುಗಳನ್ನೆಲ್ಲ ಓದಿಕೊಂಡ ಮೇಲೆ ಹೆಸರು, ಟಿಪ್ಪಣಿ, ಆಲ್ಬಮ್ ಎಲ್ಲವೂ ಮೊದಲಿನ ಹಾಗೇ ಬಂದರೆ ಗೆದ್ದಂತೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಮೂಲ ಫೈಲಿಗೆ ಕೈಹಾಕುವುದು ಅಪಾಯವಲ್ಲವೇ? ಬರೆಯುತ್ತಿರುವಾಗಲೇ ಕರೆಂಟು ಹೋದರೆ ಅಜ್ಜಿಯ ಒಂದೇ ಒಂದು ಚಿತ್ರ ಕೆಟ್ಟುಹೋಗಬಹುದು. ಇದಕ್ಕೆ ಎರಡು ಉತ್ತರಗಳಿವೆ. ಹೊಸ ವಿವರದೊಂದಿಗೆ ಇನ್ನೊಂದು ಪ್ರತಿಯನ್ನು ಪೂರ್ತಿ ಬರೆದು, ಅದು ಸರಿಯಿದೆಯೆಂದು ಖಾತ್ರಿಯಾದ ಮೇಲಷ್ಟೇ ಹಳೆಯದರ ಜಾಗಕ್ಕೆ ತರುವುದು ಒಂದು. ಮೂಲವನ್ನು ಮುಟ್ಟದೆ, ಅದೇ ಹೆಸರಿನ ಪುಟ್ಟ ಪಕ್ಕದ ಫೈಲಿನಲ್ಲಿ ವಿವರ ಬರೆದು ಅದೇ ಫೋಲ್ಡರಿನಲ್ಲಿಡುವುದು ಇನ್ನೊಂದು. ಫೋಟೊಗಳಿಗೆ ಎಕ್ಸ್‌ಎಂಪಿ, ಕೋಡಿಯಲ್ಲಿ ವಿಡಿಯೊಗಳಿಗೆ ಎನ್‌ಎಫ್‌ಒ ಫೈಲುಗಳು ಇದೇ ಕೆಲಸ ಮಾಡುತ್ತವೆ. ಸಾಮಾನ್ಯ ನೋಟ್‌ಪ್ಯಾಡಿನಲ್ಲೂ ಅವನ್ನು ತೆರೆದು ಓದಬಹುದು. ಫೋಲ್ಡರ್ ಬದಲಾಯಿಸುವಾಗ ಜೋಡಿ ಬೇರ್ಪಡುವ ಸಾಧ್ಯತೆ ಇದೆ, ನಿಜ. ಪ್ರತಿ ಫೈಲಿನ ಒಳಗಿರುವುದನ್ನು ಲೆಕ್ಕಹಾಕಿ ಪಡೆದ ಗುರುತಿನ ಸಂಖ್ಯೆಯನ್ನು ಪಕ್ಕದ ಫೈಲಿನಲ್ಲಿ ಬರೆದಿಟ್ಟರೆ ಅಗಲಿದ ಜೋಡಿಯನ್ನು ಮತ್ತೆ ಕೂಡಿಸಬಹುದು.

ಎಲ್ಲಿ ಇಡಬೇಕೆಂಬುದು ತೀರ್ಮಾನವಾದರೂ ಏನನ್ನು ಇಡಬೇಕೆಂಬುದು ಉಳಿಯುತ್ತದೆ. ಹೆಚ್ಚಿನ ತಂತ್ರಾಂಶಗಳು ಪರದೆಯ ಮೇಲೆ ಒಂದು ಹಾಡಿಗೆ ಒಬ್ಬ ‘ಕಲಾವಿದ’ನನ್ನು ಕೇಳುತ್ತವೆ. ಸಿದ್ದಲಿಂಗಯ್ಯ ನಿರ್ದೇಶಿಸಿದ, 1972ರ ‘ಬಂಗಾರದ ಮನುಷ್ಯ’ ಚಿತ್ರದ ಹಾಡನ್ನು ತೆಗೆದುಕೊಳ್ಳಿ. ಹಾಡಿದ್ದು ಪಿ.ಬಿ. ಶ್ರೀನಿವಾಸ್, ಸಂಗೀತ ಜಿ.ಕೆ. ವೆಂಕಟೇಶ್ ಅವರದು, ಮನೆಯಲ್ಲಿ ಹಿರಿಯರು ಕೇಳುವುದು ಮಾತ್ರ ರಾಜ್‌ಕುಮಾರ್ ಹಾಡು ಎಂದೇ. ಮೂವರಲ್ಲಿ ಯಾರ ಹೆಸರು ಹೇಳಿದರೂ ಹಾಡು ಸಿಗಬೇಕು. ಐಡಿ3ರ ಎರಡನೇ ಆವೃತ್ತಿಯಲ್ಲಿ ಗಾಯಕರಿಗೆ, ಸಂಗೀತ ಸಂಯೋಜಕರಿಗೆ, ಗೀತೆ ಬರೆದವರಿಗೆ ಪ್ರತ್ಯೇಕ ಜಾಗವಿದೆ. ನಮಗೆ ಬೇಕಾದ ಖಾನೆಯನ್ನು ನಾವೇ ಸೇರಿಸಲೂ ಬರುತ್ತದೆ. ರಾಗ, ತಾಳ, ಯಕ್ಷಗಾನದ ಪ್ರಸಂಗ, ಭಾಗವತರ ಹೆಸರು ಎಲ್ಲವನ್ನೂ ಹೀಗೆ ಬರೆಯಬಹುದು. ಜನರೇ ಸೇರಿ ಬೆಳೆಸಿದ ಮ್ಯೂಸಿಕ್‌ಬ್ರೈನ್ಜ್ ಎಂಬ ಸಂಗೀತ ಕೋಶದಲ್ಲಿ ಕರ್ನಾಟಕ ಸಂಗೀತದ ರಾಗ-ತಾಳಗಳಿಗೆ ಜಾಗ ಸಿಕ್ಕಿದೆ. ಹುಡುಕಾಟದಲ್ಲೂ ಕನ್ನಡಕ್ಕೆ ಅದರದೇ ತೊಡಕುಗಳಿವೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಅದಿಲ್ಲದೆ ಬರೆದ ‘ರಾಜ್ಕುಮಾರ್’ ಕಂಪ್ಯೂಟರಿನ ಕಣ್ಣಿಗೆ ಬೇರೆಯೇ ಹೆಸರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು ಮತ್ತೊಂದು. ಹುಡುಕುವಾಗ ಈ ಭೇದಗಳನ್ನು ಮರೆತು, ಬರೆದದ್ದನ್ನು ಮಾತ್ರ ಬರೆದ ಹಾಗೇ ಉಳಿಸುವ ಎಚ್ಚರ ತಂತ್ರಾಂಶಕ್ಕೆ ಇರಬೇಕು.

ದಿನಾಂಕದ ವಿಷಯದಲ್ಲಿ ಬೇಕಾದದ್ದು ಪ್ರಾಮಾಣಿಕತೆ. ಸ್ಕ್ಯಾನ್ ಮಾಡಿದ ಹಳೆಯ ಚಿತ್ರದ ಫೈಲಿನಲ್ಲಿ ಸಾಮಾನ್ಯವಾಗಿ ಇರುವುದು ಸ್ಕ್ಯಾನ್ ಮಾಡಿದ ದಿನ. ವಾಟ್ಸ್‌ಆ್ಯಪಿನಲ್ಲಿ ಫೋಟೊವಾಗಿ ಕಳಿಸಿದ ಚಿತ್ರದಿಂದ ಎಕ್ಸಿಫ್ ವಿವರ ಅಳಿಸಿಹೋಗಿರುತ್ತದೆ. ಫೈಲಿನ ಹೆಸರಿನಲ್ಲಿರುವ ದಿನಾಂಕ ಫೋಟೊ ತೆಗೆದ ದಿನದ್ದೆಂದು ನಂಬುವಂತಿಲ್ಲ. ಇವನ್ನೇ ನಿಜವೆಂದು ನಂಬಿ ಸಾಲುಗಟ್ಟಿಸಿದರೆ 1970ರ ದಶಕದ ಉಪನಯನ ಈ ವರ್ಷದ ದೀಪಾವಳಿಯ ಪಕ್ಕ ಬಂದು ಕೂರುತ್ತದೆ. ‘ಎಪ್ಪತ್ತರ ದಶಕದ್ದು, ಯಾವ ವರ್ಷವೋ ಗೊತ್ತಿಲ್ಲ’ ಎಂದು ಹೇಳಲು ಮನೆಯವರಿಗೆ ಅವಕಾಶ ಬೇಕು. ಇಂಥ ಅನಿಶ್ಚಿತ ಕಾಲವನ್ನು ಬರೆಯುವ ಕ್ರಮ 2019ರಲ್ಲಿ ಅಂತರರಾಷ್ಟ್ರೀಯ ಮಾನಕದಲ್ಲೂ ಸೇರಿದೆ. ಯಂತ್ರ ಊಹಿಸಿದ್ದು ಯಾವುದು, ಮನುಷ್ಯರು ಹೇಳಿದ್ದು ಯಾವುದು ಎಂಬುದೂ ಬೇರೆ ಬೇರೆಯಾಗಿ ದಾಖಲಾಗಬೇಕು. ಮುಖ ಗುರುತಿಸುವ ಯಂತ್ರ ನಾಳೆ ಇನ್ನೂ ಜಾಣವಾಗಬಹುದು, ಅದರ ಊಹೆಯನ್ನು ಆಗ ತಿದ್ದಬಹುದು. ಚಿತ್ರದ ಮೂಲೆಯಲ್ಲಿ ನಿಂತವರು ಯಾರೆಂದು ಬಲ್ಲ ಹಿರಿಯರು ಹೇಳಿದ ಮಾತು ಮಾತ್ರ ಒಮ್ಮೆ ಕಳೆದರೆ ಮತ್ತೆ ಸಿಗುವುದಿಲ್ಲ.

ಎಲ್ಲವೂ ಮೊಬೈಲಿಗೂ ಕ್ಲೌಡಿಗೂ ಹೋಗಿರುವಾಗ ಡೆಸ್ಕ್‌ಟಾಪ್ ತಂತ್ರಾಂಶದ ಮಾತೇಕೆ ಎಂದು ಕೇಳುವವರಿದ್ದಾರೆ. ಕ್ಲೌಡಿನಿಂದ ಆಗುವ ಅನುಕೂಲ ದೊಡ್ಡದು. ಹಾರ್ಡ್‌ಡಿಸ್ಕ್ ಕೆಟ್ಟಾಗ ಕಾಪಾಡುವ ಎರಡನೇ ಪ್ರತಿಯಾಗಿ ಅದು ಬೇಕೇ ಬೇಕು. ಆದರೆ ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿದ್ದನ್ನು ನೋಡಿದರೆ ಅಲ್ಲಿನ ಸೇವೆಗಳ ಆಯುಷ್ಯವೂ ಹೆಚ್ಚೇನಲ್ಲ. ಗೂಗಲ್ ಫೋಟೋಸ್‌ನಿಂದ ಸಂಗ್ರಹವನ್ನು ವಾಪಸು ಪಡೆಯುವಾಗ ಚಿತ್ರಗಳ ಜೊತೆ ಅವುಗಳ ವಿವರ ಪಕ್ಕದ ಫೈಲುಗಳಲ್ಲಿ ಬರುತ್ತದೆ. ಅವನ್ನು ಓದಿ ಸರಿಯಾದ ಚಿತ್ರಕ್ಕೆ ಸೇರಿಸುವ ಕೆಲಸಕ್ಕೆ ಮನೆಯ ಕಂಪ್ಯೂಟರಿನ ತಂತ್ರಾಂಶವೇ ಬೇಕಾಗುತ್ತದೆ.

ಆದ್ದರಿಂದ ಹೊಸ ತಂತ್ರಾಂಶಕ್ಕೆ ಸಂಗ್ರಹವನ್ನು ಒಪ್ಪಿಸುವ ಮೊದಲು ಹತ್ತು ಫೋಟೊ, ಹತ್ತು ಹಾಡುಗಳ ಪ್ರತಿ ಮಾಡಿಕೊಂಡು ಅವಕ್ಕೆ ಕನ್ನಡದಲ್ಲೇ ಹೆಸರು, ಟಿಪ್ಪಣಿ ಬರೆಯಿರಿ. ಆಮೇಲೆ ಆ ಫೋಲ್ಡರನ್ನಷ್ಟೇ ಇನ್ನೊಂದು ಕಂಪ್ಯೂಟರಿಗೆ ಒಯ್ದು, ಬೇರೊಂದು ತಂತ್ರಾಂಶದಲ್ಲಿ ತೆರೆಯಿರಿ. ಬರೆದದ್ದು ಅಲ್ಲಿ ಕಂಡರೆ ಧೈರ್ಯವಾಗಿ ಮುಂದುವರಿಯಬಹುದು. ಕಾಣದಿದ್ದರೆ ಎಷ್ಟೇ ಚೆಂದದ ತಂತ್ರಾಂಶವಾದರೂ ಮನೆಯವರ ಶ್ರಮವನ್ನು ಅದರ ಕೈಗೆ ಕೊಡಬಾರದು. ಕಟ್ಟುವವರೂ ಇದೇ ಪರೀಕ್ಷೆಯನ್ನು ಮೊದಲ ದಿನವೇ ತಮ್ಮ ಮುಂದಿಟ್ಟುಕೊಳ್ಳಲಿ. ಬಿಟ್ಟುಹೋಗಲು ದಾರಿ ಇಟ್ಟ ತಂತ್ರಾಂಶವನ್ನೇ ಜನ ನಂಬಿ ಬಳಸಬಹುದು.