ವಿಮಾನ ನಿಲ್ದಾಣದ ಕಾವಲು ಯಾರ ಹೊಣೆ?

ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಮೈಯನ್ನೂ ಗಂಟುಮೂಟೆಗಳನ್ನೂ ಶೋಧಿಸುವ ಕಾರ್ಯವು ಸರಕಾರದ ಪಡೆಗಳ ವಶದಲ್ಲಿರುವುದು ಲೇಸೋ, ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಯಾಗಿ ಒಪ್ಪಿಸುವುದು ಲೇಸೋ ಎಂಬ ವಾದವು ನಮ್ಮ ದೇಶದಲ್ಲಿಯೂ ಪರದೇಶಗಳಲ್ಲಿಯೂ ಬಹುದಿನಗಳಿಂದ ನಡೆದುಬಂದಿದೆ. ನಿಲ್ದಾಣಗಳ ಆಡಳಿತವೇ ಒಂದೊಂದಾಗಿ ಖಾಸಗಿ ಬಂಡವಾಳಗಾರರ ಕೈಸೇರುತ್ತಿರುವಾಗ, ಬಾಗಿಲ ಕಾವಲೊಂದು ಮಾತ್ರ ಸರಕಾರದ ಬಳಿಯಲ್ಲಿ ಏಕೆ ಉಳಿಯಬೇಕೆಂದು ಕೇಳುವವರು ಉಂಟು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ಬೆಂಗಳೂರಿನ ನಿಲ್ದಾಣದಲ್ಲಿ ಮೊದಲಿನಿಂದಲೂ ಖಾಸಗಿ ಬಂಡವಾಳದವರದೇ ಮೇಲುಗೈ. ಮಂಗಳೂರಿನ ನಿಲ್ದಾಣವು 2020ರ ಅಕ್ಟೋಬರ್ ಕೊನೆಯಲ್ಲಿ ಖಾಸಗಿ ಆಡಳಿತಕ್ಕೆ ಸೇರಿತು. ಆದರೂ ಈ ಎರಡು ಕಡೆಗಳಲ್ಲಿಯೂ ಪ್ರಯಾಣಿಕನನ್ನು ತಡೆದು ಶೋಧಿಸುವವರು ಕೇಂದ್ರ ಸರಕಾರದ ಕೈಗಾರಿಕಾ ಭದ್ರತಾ ಪಡೆಯವರೇ ಆಗಿರುವರು. ಈ ಏರ್ಪಾಡು ಮುಂದುವರಿಯಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಸರಕಾರದವರು ಮಾಡಿದ್ದೆಲ್ಲವೂ ಸರಿಯೆಂಬ ಭಾವನೆಯಿಂದ ನಾವು ಹೀಗೆ ಹೇಳುತ್ತಿಲ್ಲ. ನಮ್ಮ ಕಾರಣಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಈ ಏರ್ಪಾಡು ಹುಟ್ಟಿದ ಬಗೆಯನ್ನು ನೋಡಬೇಕು. 1976ರ ಸೆಪ್ಟೆಂಬರ್ 10ರಂದು ಇಂಡಿಯನ್ ಏರ್‌ಲೈನ್ಸಿನ ವಿಮಾನವೊಂದು ಅಪಹೃತವಾಯಿತು. ತರುವಾಯ ನೇಮಕವಾದ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರ ಜನವರಿಯಲ್ಲಿ ವಿಮಾನಯಾನದ ಭದ್ರತೆಗೆಂದು ಒಂದು ಚಿಕ್ಕ ವಿಭಾಗವು ಏರ್ಪಟ್ಟಿತು. 1985ರಲ್ಲಿ ‘ಕನಿಷ್ಕ’ ವಿಮಾನದ ದುರಂತವಾಯಿತು. 1987ರ ಏಪ್ರಿಲ್ 1ರಂದು ಆ ವಿಭಾಗವೇ ಸ್ವತಂತ್ರವಾದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಆಯಿತು. 1999ರ ಡಿಸೆಂಬರ್ 24ರಂದು ಕಾಠ್ಮಂಡುವಿನಿಂದ ದಿಲ್ಲಿಗೆ ಹೊರಟ ವಿಮಾನವನ್ನು ಕಂದಹಾರಕ್ಕೆ ಒಯ್ದರು. ಪ್ರಯಾಣಿಕರ ಪ್ರಾಣ ಉಳಿಸುವುದಕ್ಕಾಗಿ ಮೂವರು ಉಗ್ರರನ್ನು ಸೆರೆಯಿಂದ ಬಿಡಬೇಕಾಯಿತು. ಅದಾದ ಮೇಲೆ 2000ದ ಫೆಬ್ರವರಿ 3ರಂದು ಜೈಪುರದಲ್ಲಿ ಆರಂಭಿಸಿ, ಅದುವರೆಗೆ ರಾಜ್ಯಗಳ ಪೋಲೀಸರು ನೋಡಿಕೊಳ್ಳುತ್ತಿದ್ದ ಕಾವಲನ್ನು ಕೈಗಾರಿಕಾ ಭದ್ರತಾ ಪಡೆಗೆ ಒಪ್ಪಿಸುತ್ತ ಬಂದರು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ಈ ಮೂರು ಸಂದರ್ಭಗಳಿಗೂ ಸಲ್ಲುತ್ತದೆ. ಹೀಗೆ ಪ್ರಾಣಗಳ ಬೆಲೆ ತೆತ್ತು ಗಳಿಸಿದ ವ್ಯವಸ್ಥೆಯನ್ನು ಬದಲಿಸುವ ಮೊದಲು, ಅದನ್ನು ಗಳಿಸಿದ್ದೇಕೆಂಬುದನ್ನು ನೆನೆಯುವುದು ಯುಕ್ತ.

ಕನಿಷ್ಕದ ಕಥೆಯು ಈ ವಾದಕ್ಕೆ ನೇರವಾಗಿ ಸಂಬಂಧಪಟ್ಟುದು. 1985ರ ಜೂನ್ 23ರಂದು ಐರ್ಲೆಂಡಿನ ತೀರದಾಚೆ ಆ ವಿಮಾನವು ಆಕಾಶದಲ್ಲಿಯೇ ಸ್ಫೋಟಗೊಂಡು 329 ಮಂದಿ ಅಸುನೀಗಿದರು. ಬಾಂಬಿದ್ದ ಪೆಟ್ಟಿಗೆಯು ಕೆನಡಾ ದೇಶದ ವ್ಯಾಂಕೂವರಿನಲ್ಲಿ ಹೊರಟಿತು. ಅದರ ಒಡೆಯನೆನಿಸಿಕೊಂಡವನು ವಿಮಾನವನ್ನು ಹತ್ತಲೇ ಇಲ್ಲ. ಟೊರೊಂಟೊ ನಿಲ್ದಾಣದಲ್ಲಿ ಪೆಟ್ಟಿಗೆಗಳನ್ನು ನೋಡುತ್ತಿದ್ದ ಎಕ್ಸ್-ರೇ ಯಂತ್ರವು ಕೆಲಸದ ನಡುವೆ ಕೆಟ್ಟು ನಿಂತಿತು. ಉಳಿದ ಪೆಟ್ಟಿಗೆಗಳನ್ನು ಸ್ಫೋಟಕದ ವಾಸನೆ ಹಿಡಿಯತಕ್ಕ ಒಂದು ಕೈಯಂತ್ರದಿಂದ ಪರೀಕ್ಷಿಸಿ ಸಾಗಿಸಿದರು. ಆ ಕೆಲಸಕ್ಕೆ ನಿಂತಿದ್ದವರು ವಿಮಾನ ಸಂಸ್ಥೆಯು ಗೊತ್ತುಮಾಡಿಕೊಂಡಿದ್ದ ಖಾಸಗಿ ಕಾವಲುಗಾರರು. ಪೆಟ್ಟಿಗೆಗೂ ಪ್ರಯಾಣಿಕನಿಗೂ ತಾಳೆ ನೋಡಿದವರಿಲ್ಲ. 25 ವರ್ಷಗಳು ಕಳೆದ ಮೇಲೆ, 2010ರ ಜೂನ್‌ನಲ್ಲಿ, ನ್ಯಾಯಮೂರ್ತಿ ಜಾನ್ ಮೇಜರ್ ಅವರ ಆಯೋಗವು ವರದಿ ಒಪ್ಪಿಸಿ, ಈ ಕಾವಲಿನ ಕೊರತೆಗಳನ್ನು ಎತ್ತಿ ತೋರಿಸಿತು. ಸುಳಿವುಗಳಿದ್ದರೂ ಒಬ್ಬರಿಗೊಬ್ಬರು ತಿಳಿಸದೆ ಹೋದ ಸರಕಾರದ ಪೋಲೀಸರನ್ನೂ ಗುಪ್ತಚರರನ್ನೂ ಅದು ಖಂಡಿಸದೆ ಬಿಡಲಿಲ್ಲ. ಹೊಣೆಯನ್ನು ಹತ್ತು ಕೈಗಳಿಗೆ ಹಂಚಿದಾಗ, ಅನಾಹುತದ ದಿನ ಉತ್ತರ ಹೇಳತಕ್ಕವನು ಒಬ್ಬನೂ ಸಿಕ್ಕುವುದಿಲ್ಲವೆಂಬುದೇ ಇದರ ಪಾಠ.

ಅಮೆರಿಕದ ಅನುಭವವೂ ಇದೇ ಬಗೆಯದು. ಅಲ್ಲಿ 2001ರವರೆಗೆ ತಪಾಸಣೆಯ ಹೊಣೆ ವಿಮಾನ ಸಂಸ್ಥೆಗಳದಾಗಿತ್ತು. ಅವು ಅದನ್ನು ಖಾಸಗಿ ಗುತ್ತಿಗೆದಾರರಿಗೆ ಒಪ್ಪಿಸುತ್ತಿದ್ದವು. ತಪಾಸಣೆಯಿಂದ ವಿಮಾನ ಸಂಸ್ಥೆಗೆ ಲಾಭವಿಲ್ಲ, ಬರಿಯ ಖರ್ಚು. ಆದುದರಿಂದ ಕಡಮೆ ದರ ಹೇಳಿದವನಿಗೇ ಗುತ್ತಿಗೆ ಒಲಿಯುತ್ತಿತ್ತು. 1998ರ ಮೇ ತಿಂಗಳಿಂದ 1999ರ ಏಪ್ರಿಲ್‌ವರೆಗೆ 19 ದೊಡ್ಡ ನಿಲ್ದಾಣಗಳಲ್ಲಿ ಈ ನೌಕರರು ಕೆಲಸ ಬಿಟ್ಟುಹೋಗುವ ಪ್ರಮಾಣವು ಸರಾಸರಿ ನೂರಕ್ಕೆ 126ರಷ್ಟಿತ್ತೆಂದು ಅಲ್ಲಿನ ಸರಕಾರದ ಲೆಕ್ಕಪರಿಶೋಧಕರೇ ತಿಳಿಸಿದರು. ಅಂದರೆ ಒಂದು ವರುಷದಲ್ಲಿ ಇಡೀ ಪಡೆಯೇ ಬದಲಾಗಿ, ಮತ್ತೆ ಕಾಲುಭಾಗ ಬದಲಾದಂತಾಯಿತು. ಅದೇ ನಿಲ್ದಾಣದ ಉಪಾಹಾರ ಗೃಹಗಳಲ್ಲಿ ಹೆಚ್ಚು ಕೂಲಿ ದೊರೆಯುತ್ತಿರುವಾಗ ಎಕ್ಸ್-ರೇ ಯಂತ್ರದ ಮುಂದೆ ಕಣ್ಣು ನೆಟ್ಟು ಕುಳಿತಿರುವವರಾರು? 2001ರ ಸೆಪ್ಟೆಂಬರ್ 11ರ ಘೋರ ಘಟನೆಯಾದ ಮೇಲೆ, ನವೆಂಬರ್ 19ರಂದು ಶಾಸನ ಮಾಡಿ ಆ ಕಾರ್ಯವನ್ನು ಸರಕಾರವೇ ವಹಿಸಿಕೊಂಡಿತು. ಖಾಸಗಿ ಉದ್ಯಮವನ್ನು ಪೂಜಿಸುವ ದೇಶವೇ ಹೀಗೆ ಮಾಡಿತೆಂಬುದು ಗಮನಾರ್ಹ.

ಇಷ್ಟರಿಂದಲೇ ಸರಕಾರದ ಕೈ ಸೋಕಿದುದೆಲ್ಲ ಭದ್ರವೆಂದು ತೀರ್ಮಾನಿಸುವುದು ಸರಿಯಾಗದು. ಪ್ರತಿಪಕ್ಷದವರ ಮಾತಿನಲ್ಲಿಯೂ ಸತ್ಯವಿದೆ. ಸೆಪ್ಟೆಂಬರ್ 11ರ ಪಾತಕಿಗಳು ಒಯ್ದಂಥ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚೂರಿಗಳಿಗೆ ಅಂದಿನ ನಿಯಮವೇ ಅವಕಾಶವಿತ್ತಿತ್ತು. ನಿಯಮ ಮಾಡಿದವರು ಕಾವಲುಗಾರರಲ್ಲ. ಸರಕಾರಿ ತಪಾಸಣೆ ಬಂದ ಮೇಲೆಯೂ 2015ರಲ್ಲಿ ಗುಟ್ಟಾಗಿ ನಡೆಸಿದ 70 ಪರೀಕ್ಷೆಗಳಲ್ಲಿ 67ರಲ್ಲಿ ಅಲ್ಲಿನ ನೌಕರರು ಬಚ್ಚಿಟ್ಟ ಆಯುಧಗಳನ್ನೂ ಕೃತಕ ಸ್ಫೋಟಕಗಳನ್ನೂ ಕಂಡುಹಿಡಿಯಲಾರದೆ ಹೋದರೆಂಬ ಸುದ್ದಿಯು ಲೋಕಕ್ಕೆಲ್ಲ ತಿಳಿಯಿತು. 2018ರ ಡಿಸೆಂಬರಿನಿಂದ 35 ದಿನ ಆ ಸರಕಾರದ ಖಜಾನೆಯೇ ಸ್ತಬ್ಧವಾದಾಗ ತಪಾಸಣೆಗಾರರು ಸಂಬಳವಿಲ್ಲದೆ ದುಡಿದರು, ರಜೆ ಹಾಕಿದವರೂ ಬಹುಮಂದಿ. ಆಗ ಖಾಸಗಿ ತಪಾಸಣೆಗಾರರಿದ್ದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ ಸಂಬಳವು ಸಲ್ಲುತ್ತಲೇ ಇತ್ತು. ಕೆನಡಾದಲ್ಲಿ 2002ರಿಂದ ಸರಕಾರದ ಒಂದು ನಿಗಮವು ಖಾಸಗಿ ಗುತ್ತಿಗೆದಾರರ ಮೂಲಕವೇ ಈ ಕೆಲಸ ಮಾಡಿಸುತ್ತಿದೆ. ಜರ್ಮನಿಯಲ್ಲಿಯೂ ಖಾಸಗಿ ನೌಕರರೇ ಶೋಧಿಸುವರು. ಅವರು ಮುಷ್ಕರ ಹೂಡಿದ ದಿನ ವಿಮಾನಗಳು ನೆಲಬಿಟ್ಟು ಏಳುವುದಿಲ್ಲವೆಂಬುದೂ ಅಲ್ಲಿನವರು ಕಂಡ ಮಾತೇ.

ಹಾಗಾದರೆ ನಿರ್ಣಯಕ್ಕೆ ಆಧಾರವೇನು? ಈ ಕಾರ್ಯದಲ್ಲಿ ಮೂರು ಪಾತ್ರಗಳಿವೆ: ನಿಯಮ ಮಾಡಿ ಪರೀಕ್ಷಿಸುವವನು ಒಬ್ಬ, ನಿಂತು ಶೋಧಿಸುವವನು ಒಬ್ಬ, ನಿಲ್ದಾಣದಿಂದ ಲಾಭ ಪಡೆಯುವವನು ಒಬ್ಬ. ಇವುಗಳಲ್ಲಿ ಎರಡು ಒಂದೇ ಕೈಗೆ ಸೇರಿದಲ್ಲೆಲ್ಲ ಕಾವಲು ಸಡಿಲವಾಗಿದೆ. ಹಳೆಯ ಅಮೆರಿಕದಲ್ಲಿ ಲಾಭ ಪಡೆಯುವವನೇ ಶೋಧಿಸುವವನೂ ಆಗಿದ್ದನು; ಹೊಸ ಅಮೆರಿಕದಲ್ಲಿ ನಿಯಮ ಮಾಡುವವನೇ ಶೋಧಿಸುವವನೂ ಆಗಿ, ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದತೊಡಗಿದನು. ನಮ್ಮ ದೇಶದಲ್ಲಿ ದೈವವಶಾತ್ ಈ ಮೂವರೂ ಬೇರೆಬೇರೆಯಾಗಿರುವರು. ಭದ್ರತಾ ಬ್ಯೂರೋ ವಿಮಾನಯಾನ ಸಚಿವಾಲಯದ್ದು, ಭದ್ರತಾ ಪಡೆ ಗೃಹ ಸಚಿವಾಲಯದ್ದು, ನಿಲ್ದಾಣ ಇನ್ನೊಬ್ಬರದು. ಪ್ರಯಾಣಿಕರ ಸಾಲು ಬೇಗ ಕರಗಿದಷ್ಟೂ ಒಳಗಿನ ಅಂಗಡಿಗಳ ವ್ಯಾಪಾರ ಕುದುರುತ್ತದೆ. ಹಾಗಿರುವಲ್ಲಿ, ಚೀಲವನ್ನು ಎಷ್ಟು ಹೊತ್ತು ನೋಡಬೇಕೆಂಬ ನಿರ್ಧಾರವನ್ನು ಆ ವ್ಯಾಪಾರದಿಂದ ಬಾಡಿಗೆ ಪಡೆಯುವವನ ನೌಕರನಿಗೆ ಬಿಡುವುದು ವಿವೇಕವೇ? ನಮ್ಮ ಹಿರಿಯರು ಸುಂಕದ ಕಟ್ಟೆಯನ್ನು ಗುತ್ತಿಗೆಗೆ ಕೊಟ್ಟದ್ದುಂಟು. ಊರ ತಳವಾರಿಕೆಯನ್ನು ಹರಾಜಿಗಿಡಲಿಲ್ಲ. ಸುಂಕದವನ ತಪ್ಪಿನಿಂದ ಹಣ ಹೋದೀತು, ತಳವಾರನ ತಪ್ಪಿನಿಂದ ಊರೇ ಹೋದೀತೆಂಬ ವಿವೇಚನೆ ಅದರಲ್ಲಿತ್ತು. ಇಂದಿನ ವ್ಯಾಪಾರಿಗಳೂ ಇದನ್ನು ಅರಿಯದವರಲ್ಲ. 2008ರ ಮುಂಬಯಿ ದಾಳಿಯ ತರುವಾಯ ಶಾಸನಕ್ಕೆ ತಿದ್ದುಪಡಿಯಾದಾಗ, 2009ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು ತನ್ನ ಆವರಣಕ್ಕೆ ಹಣ ತೆತ್ತು ಇದೇ ಭದ್ರತಾ ಪಡೆಯನ್ನು ಬರಮಾಡಿಕೊಂಡಿತು.

ಸರಕಾರದವರು ಕೆಲವು ಕೆಲಸಗಳನ್ನು ಬೇರ್ಪಡಿಸಿ ಖಾಸಗಿಯವರಿಗೆ ಒಪ್ಪಿಸುತ್ತಿರುವುದು ವಾಚಕರಿಗೆ ತಿಳಿದಿದೆ. ಪಡೆಯ 3,049 ಹುದ್ದೆಗಳನ್ನು ತೆಗೆದು 1,924 ಮಂದಿ ಖಾಸಗಿ ಕಾವಲುಗಾರರನ್ನು ನಿಯಮಿಸುವ ಯೋಜನೆಯು 2022ರಲ್ಲಿ ಪ್ರಕಟವಾಯಿತು. ಸಾಲು ನಿಲ್ಲಿಸುವುದು, ದಾರಿ ತೋರಿಸುವುದು ಮುಂತಾದವುಗಳಿಗೆ ಶಸ್ತ್ರಧಾರಿಯ ಅಗತ್ಯವಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಎಚ್ಚರಿಕೆಯ ಒಂದು ಮಾತಿದೆ. 2020ರ ಜನವರಿ 20ರಂದು ಮಂಗಳೂರು ನಿಲ್ದಾಣದಲ್ಲಿ ಸ್ಫೋಟಕವಿದ್ದ ಚೀಲವು ಸಿಕ್ಕಿದ್ದು ಎಕ್ಸ್-ರೇ ಯಂತ್ರದೊಳಗಲ್ಲ. ಟಿಕೆಟ್ ಕೌಂಟರಿನ ಬಳಿ ವಾರಸುದಾರರಿಲ್ಲದೆ ಬಿದ್ದಿದ್ದ ಅದನ್ನು ಪಡೆಯವರು ಕಂಡು ಶಂಕಿಸಿದರು. ಅನಂತರ ಅದನ್ನು ಕೆಂಜಾರಿನ ಬಯಲಿಗೆ ಒಯ್ದು ನಾಶಪಡಿಸಿದರು. ಹೊರಜಗಲಿಯ ಕಾವಲು ಕಿರಿದೆಂದು ತಿಳಿದು, ಅತ್ಯಲ್ಪ ದರದ ಟೆಂಡರಿಗೆ ಅದನ್ನು ಒಪ್ಪಿಸಿದರೆ ಅಂಥ ಕಣ್ಣು ಅಲ್ಲಿ ಉಳಿಯುವುದೆಂದು ನಂಬುವಂತಿಲ್ಲ.

ಇನ್ನು ಮಾನದ ವಿಷಯ. ಒಬ್ಬ ನಾಗರಿಕನ ಮೈಮುಟ್ಟಿ ನೋಡುವ ಅಧಿಕಾರವು ಸಾಮಾನ್ಯವಾದುದಲ್ಲ. 2021ರಲ್ಲಿ ಖ್ಯಾತ ನೃತ್ಯಕಲಾವಿದೆ ಸುಧಾ ಚಂದ್ರನ್ ಅವರು, ನಿಲ್ದಾಣಗಳಲ್ಲಿ ಪ್ರತಿಸಲವೂ ತಮ್ಮ ಕೃತಕ ಕಾಲನ್ನು ಬಿಚ್ಚಿಸುವ ನೋವನ್ನು ಪ್ರಧಾನಿಯವರಿಗೆ ಬಹಿರಂಗವಾಗಿ ತೋಡಿಕೊಂಡರು. ಪಡೆಯವರು ಕ್ಷಮೆ ಕೇಳಿದರು. ಖ್ಯಾತಿಯಿಲ್ಲದ ಅಂಗವಿಕಲರ ದೂರನ್ನು ಕೇಳುವವರು ಯಾರು? ಈ ಪಡೆಯನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯಿಂದ ಬಹುಮಟ್ಟಿಗೆ ಹೊರಗಿಟ್ಟಿದ್ದಾರೆ. ಭ್ರಷ್ಟಾಚಾರ, ಮಾನವ ಹಕ್ಕುಗಳ ಉಲ್ಲಂಘನೆಗಳ ದೂರಿದ್ದರೆ ಮಾತ್ರ ಅದು ಉತ್ತರ ಕೊಡಬೇಕು. ಈ ಕಾವಲಿನ ವೆಚ್ಚಕ್ಕೆಂದು 2021ರ ಏಪ್ರಿಲಿನಿಂದ ದೇಶದೊಳಗಿನ ಪ್ರತಿ ಪ್ರಯಾಣಿಕನ ಮೇಲೆ 200 ರೂಪಾಯಿಯ ಶುಲ್ಕವನ್ನು ವಿಧಿಸಿದರು. ಹಣ ತೆರುವವನಿಗೆ ಲೆಕ್ಕ ಕೇಳುವ ಹಕ್ಕೂ ಇರತಕ್ಕದ್ದು.

ಆದುದರಿಂದ ಸರಕಾರದವರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಶೋಧಿಸುವ ಹಾಗೂ ತಡೆಯುವ ಅಧಿಕಾರವು ಪಡೆಯಲ್ಲಿಯೇ ಉಳಿಯಲಿ. ಖಾಸಗಿಯವರಿಗೆ ಕೊಡುವ ಕೆಲಸಗಳಲ್ಲಿ ಕನಿಷ್ಠ ವೇತನವನ್ನೂ ತರಬೇತಿಯ ಅವಧಿಯನ್ನೂ ಕರಾರಿನಲ್ಲಿಯೇ ಬರೆದು ನಿಗದಿಮಾಡಲಿ. ಭದ್ರತಾ ಬ್ಯೂರೋವಿನ ಗುಪ್ತ ಪರೀಕ್ಷೆಗಳಲ್ಲಿ ತೇರ್ಗಡೆಯಾದವರೆಷ್ಟು, ತಪ್ಪಿದವರೆಷ್ಟು ಎಂಬ ಒಟ್ಟು ಲೆಕ್ಕವನ್ನು, ಗುಟ್ಟಿನ ವಿವರಗಳನ್ನು ಬಿಟ್ಟು, ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಲಿ. ಪ್ರಯಾಣಿಕರ ದೂರುಗಳನ್ನು ವಿಚಾರಿಸಲು ಪಡೆಗೆ ಸೇರದ ಒಬ್ಬ ಅಧಿಕಾರಿಯನ್ನು ಪ್ರತಿ ದೊಡ್ಡ ನಿಲ್ದಾಣದಲ್ಲಿ ನೇಮಿಸಲಿ. ಇವುಗಳಿಗೆ ತಗಲುವ ವೆಚ್ಚವು ಅಲ್ಪ. ಇನ್ನೊಂದು ದುರಂತವಾದ ಮೇಲೆ ಇನ್ನೊಂದು ಸಮಿತಿಯು ಇವನ್ನೇ ಶಿಫಾರಸು ಮಾಡುವವರೆಗೆ ಸರಕಾರದವರು ಕಾಯಲಾರರೆಂದು ನಂಬುತ್ತೇವೆ.