ಬೋಧನಾನುಭವದ ವಿನಿಮಯ: ಮಲೆನಾಡಿನ ಕಿರುಶಾಲೆಗಳನ್ನು ಕುರಿತು

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೆ ವಿದ್ಯೆಯನ್ನು ಕಲಿಸುವ ವಿದ್ಯೆಯೊಂದಿದೆಯಷ್ಟೆ. ಅದನ್ನು ನಾವು ಅಷ್ಟು ಧಾರಾಳವಾಗಿ ಒಬ್ಬರಿಗೊಬ್ಬರು ಕೊಡುತ್ತಿಲ್ಲ. ಒಬ್ಬ ಉಪಾಧ್ಯಾಯಿನಿಯು ಹತ್ತು ವರ್ಷ ಒಂದೇ ಊರಿನಲ್ಲಿದ್ದು, ಯಾವ ಮಗುವಿಗೆ ಒತ್ತಕ್ಷರವು ತೊಡಕು, ಯಾವ ಲೆಕ್ಕವನ್ನು ಹುಣಿಸೆಬೀಜಗಳಿಂದ ಹೇಳಿಕೊಟ್ಟರೆ ಬೇಗ ತಿಳಿಯುತ್ತದೆ, ಯಾವ ತಾಯಿಗೆ ಯಾವ ಹೊತ್ತಿನಲ್ಲಿ ಹೇಳಿಕಳುಹಿಸಿದರೆ ಆಕೆ ಶಾಲೆಗೆ ಬಂದಾಳು ಎಂಬುದನ್ನೆಲ್ಲ ಅರಿತುಕೊಂಡಿರುತ್ತಾಳೆ. ಆಕೆಗೆ ವರ್ಗವಾದ ದಿನ ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ, ಬೀಗದ ಕೈ ಇವೆಲ್ಲವೂ ಮುಂದಿನವರ ಕೈಸೇರುತ್ತವೆ. ಆ ಅರಿವು ಮಾತ್ರ ಆಕೆಯೊಡನೆಯೇ ಬಸ್ಸು ಹತ್ತಿ ಹೋಗುತ್ತದೆ. ಹೊಸಬಳು ಮತ್ತೆ ಮೊದಲಿನಿಂದ ಆರಂಭಿಸಬೇಕು. ಅವಳು ಕಲಿಯುವಷ್ಟರಲ್ಲಿ ಎರಡು ಮೂರು ತಂಡದ ಮಕ್ಕಳು ಕಲಿಯದೆ ಮುಂದಕ್ಕೆ ಹೋಗಿರುತ್ತಾರೆ. ಈ ನಷ್ಟವನ್ನು ತಪ್ಪಿಸುವ ಬಗೆ ಹೇಗೆಂಬುದನ್ನು ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನ ಶಾಲೆಗಳನ್ನೂ ಶಿಶುವಿಹಾರಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಈ ಸೀಮೆಯ ಸ್ಥಿತಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಹಿಂದೆ ಮಂಜರಾಬಾದೆಂದು ಹೆಸರಾಗಿದ್ದ ಸಕಲೇಶಪುರದ ತಾಲ್ಲೂಕಿನಲ್ಲಿ ಹಾನುಬಾಳು, ಹೆತ್ತೂರು, ಯಸಳೂರು ಮೊದಲಾದ ಹೋಬಳಿಗಳೂ, ಆಲೂರಿನಲ್ಲಿ ಪಾಳ್ಯ, ಕುಂದೂರು ಮೊದಲಾದ ಹೋಬಳಿಗಳೂ ಕಾಫಿ, ಏಲಕ್ಕಿ, ಮೆಣಸುಗಳ ತೋಟಗಳಿಂದಲೂ ಗದ್ದೆಬಯಲುಗಳಿಂದಲೂ ಕೂಡಿದ ನಾಡು. ಮನೆಗಳು ಒಂದೆಡೆ ಗುಂಪಾಗಿರದೆ ತೋಟಗಳ ನಡುವೆ ಚೆದರಿಕೊಂಡಿರುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ; ಹಳ್ಳಗಳು ತುಂಬಿ ಹರಿಯುವಾಗ ಶಾಲೆಗೆ ರಜೆ ಕೊಡದೆ ವಿಧಿಯಿಲ್ಲ. ಮಳೆ ನಿಂತು ನೆಲ ಒಣಗುವಷ್ಟರಲ್ಲಿ ಕಾಫಿಯ ಹಣ್ಣು ಕೊಯ್ಲಿಗೆ ಬರುತ್ತದೆ. ನವೆಂಬರಿನಿಂದ ಅರೇಬಿಕವೂ, ಹೊಸ ವರ್ಷ ಹುಟ್ಟಿದ ಬಳಿಕ ರೊಬಸ್ಟವೂ ಕೈಗಳನ್ನು ಬೇಡುತ್ತವೆ. ತಾಯಿ ತೋಟಕ್ಕೆ ಹೋದರೆ ಎಂಟು ವರ್ಷದ ಅಕ್ಕನು ಕೂಸನ್ನು ಕಾಯಲು ಮನೆಯಲ್ಲಿ ಉಳಿಯುತ್ತಾಳೆ. ಕಾಡಾನೆಗಳು ದಾರಿಯ ಬಳಿ ಬೀಡುಬಿಟ್ಟಿವೆಯೆಂಬ ಸುದ್ದಿ ಹುಟ್ಟಿದರೆ ಆ ದಿನ ಯಾವ ತಂದೆಯೂ ಮಗುವನ್ನು ಒಂಟಿಯಾಗಿ ಕಳುಹಿಸಲಾರನು. ಮಕ್ಕಳಾಡುವ ಭಾಷೆಗಳೂ ಅನೇಕ. ಕನ್ನಡದ ಜೊತೆಗೆ ತುಳು, ತಮಿಳು, ಉರ್ದು, ಮಲಯಾಳಗಳು ಹಿಂದಿನಿಂದಲೂ ಇವೆ. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಯವರ ಮಕ್ಕಳ ಮಾತೂ ತೋಟದ ಲೈನುಮನೆಗಳಲ್ಲಿ ಕೇಳಿಬರುತ್ತದೆ.

ಇಂತಹ ಕಡೆಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅನೇಕ ವೇಳೆ ಇಪ್ಪತ್ತು ಮಕ್ಕಳೂ ಇರುವುದಿಲ್ಲ. ಒಬ್ಬರೋ ಇಬ್ಬರೋ ಉಪಾಧ್ಯಾಯರು ನಾಲ್ಕೈದು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ನಡೆಸಬೇಕಾಗುತ್ತದೆ. ಪಾಠಪುಸ್ತಕವಾದರೋ, ಎಲ್ಲ ಮಕ್ಕಳೂ ದಿನವೂ ಬರುತ್ತಾರೆ, ಎಲ್ಲರೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತಾರೆ ಎಂಬ ನಂಬಿಕೆಯ ಮೇಲೆ ರಚಿತವಾದುದು. ಮೂರು ವಾರ ಬಾರದಿದ್ದ ಮಗುವು ಮರಳಿ ಬಂದಾಗ ತರಗತಿಯು ಐದು ಪಾಠ ಮುಂದೆ ಹೋಗಿರುತ್ತದೆ. ಆ ಮಗುವು ಬಾಯಿಮುಚ್ಚಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದನ್ನು ಕಲಿಯುತ್ತದೆಯೇ ಹೊರತು ಓದನ್ನು ಕಲಿಯುವುದಿಲ್ಲ. ಮಲೆನಾಡಿನ ಮಕ್ಕಳು ಮಂದಮತಿಗಳೆಂದು ಯಾರಾದರೂ ಹೇಳಿದರೆ ಅದು ಅನ್ಯಾಯದ ಮಾತು. ಪಾಠದ ಕ್ರಮವೇ ಅವರ ಬಾಳಿನ ಕ್ರಮಕ್ಕೆ ಹೊಂದಿಕೊಂಡಿಲ್ಲವೆಂಬುದೇ ನಿಜಸ್ಥಿತಿ.

ಇದಕ್ಕೆ ಪರಿಹಾರವು ನಮ್ಮ ರಾಜ್ಯದಲ್ಲಿಯೇ, ನಮ್ಮ ಸೀಮೆಯನ್ನು ಬಹುಮಟ್ಟಿಗೆ ಹೋಲುವ ಮತ್ತೊಂದು ಸೀಮೆಯಲ್ಲಿ ದೊರೆತಿತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯು ಕಾಡಂಚಿನ ತಾಲ್ಲೂಕು; ಕಬಿನಿಯ ಹಿನ್ನೀರು, ಗಿರಿಜನರ ಹಾಡಿಗಳು, ಚೆದರಿದ ಹಳ್ಳಿಗಳು, ಬೆರಳೆಣಿಕೆಯ ಉಪಾಧ್ಯಾಯರು. ೧೯೯೫ರಲ್ಲಿ ಅಲ್ಲಿಯ ಸರಕಾರೀ ಶಾಲೆಗಳ ಉಪಾಧ್ಯಾಯರ ಒಂದು ತಂಡವು ಆಂಧ್ರದ ಮದನಪಲ್ಲಿಗೆ ಸಮೀಪವಿರುವ ಋಷಿಕಣಿವೆಗೆ ಹೋಗಿ, ಅಲ್ಲಿ ಹಳ್ಳಿಯ ಮಕ್ಕಳಿಗಾಗಿ ನಡೆಯುತ್ತಿದ್ದ ಬಹುವರ್ಗ ಶಾಲೆಗಳನ್ನು ಕಣ್ಣಾರೆ ಕಂಡಿತು. ಅವರು ಅಲ್ಲಿಯ ಕಾರ್ಡುಗಳನ್ನು ಹಾಗೆಯೇ ಹೊತ್ತು ತರಲಿಲ್ಲ. ಊರಿಗೆ ಮರಳಿ, ಯುನಿಸೆಫ್ ಸಂಸ್ಥೆಯ ನೆರವಿನಿಂದ ಒಟ್ಟಿಗೆ ಕುಳಿತು, ತಮ್ಮ ಮಕ್ಕಳು ಬಲ್ಲ ಹಾಡು, ಆಟ, ಕಥೆಗಳನ್ನು ಸೇರಿಸಿ ಕನ್ನಡದಲ್ಲಿ ತಮ್ಮವೇ ಆದ ಕಾರ್ಡುಗಳನ್ನು ರಚಿಸಿಕೊಂಡರು. ಅದಕ್ಕೆ 'ನಲಿ-ಕಲಿ' ಎಂದು ಹೆಸರಾಯಿತು. ಉಪಾಧ್ಯಾಯರು ಉಪಾಧ್ಯಾಯರಿಂದ ಕಲಿತು, ಕಲಿತುದನ್ನು ತಮ್ಮ ನೆಲಕ್ಕೆ ಒಗ್ಗಿಸಿಕೊಂಡುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಕನ್ನಡ ನಾಡಿನಲ್ಲಿ ದೊರೆಯುವುದು ಕಷ್ಟ.

ಆ ಪದ್ಧತಿಯ ಒಳಗುಟ್ಟನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಇಡೀ ವರ್ಷದ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ ಗೋಡೆಯ ಮೇಲೆ ಒಂದು ಏಣಿಯ ರೂಪದಲ್ಲಿ ತೂಗುಹಾಕಿರುತ್ತಾರೆ; ಇದೇ ಕಲಿಕಾ ಏಣಿ. ಕೆಲವು ಮೆಟ್ಟಿಲುಗಳು ಸೇರಿ ಒಂದು ಮೈಲಿಗಲ್ಲು. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಅದರ ಮೇಲೆ ಚಿತ್ರದ ಗುರುತು. ಓದಲು ಬಾರದ ಮಗುವೂ ಆ ಗುರುತನ್ನು ನೋಡಿ ತನ್ನ ಕಾರ್ಡನ್ನು ತಾನೇ ಆರಿಸಿಕೊಂಡು ತಾನು ಕೂರಬೇಕಾದ ಗುಂಪಿಗೆ ಹೋಗುತ್ತದೆ. ಇಂತಹ ಗುಂಪುಗಳಿಗೆ 'ತಟ್ಟೆ'ಗಳೆಂದು ಹೆಸರು, ಅವು ಐದು. ಮೊದಲನೆಯದರಲ್ಲಿ ಉಪಾಧ್ಯಾಯರು ಪೂರ್ಣವಾಗಿ ಕಲಿಸುತ್ತಾರೆ. ಎರಡನೆಯದರಲ್ಲಿ ಭಾಗಶಃ ನೆರವಾಗುತ್ತಾರೆ. ಮೂರನೆಯ ಮತ್ತು ನಾಲ್ಕನೆಯ ತಟ್ಟೆಗಳಲ್ಲಿ ಜೊತೆಯ ಮಕ್ಕಳೇ ಹೆಚ್ಚಾಗಿಯೋ ಸ್ವಲ್ಪವಾಗಿಯೋ ಹೇಳಿಕೊಡುತ್ತಾರೆ. ಐದನೆಯದರಲ್ಲಿ ಮಗುವು ತಾನಾಗಿಯೇ ಅಭ್ಯಾಸ ಮಾಡುತ್ತದೆ. ಹೀಗಾಗಿ ಒಬ್ಬ ಉಪಾಧ್ಯಾಯಿನಿಯು ಒಂದೇ ಹೊತ್ತಿನಲ್ಲಿ ಮೂವತ್ತು ಮಕ್ಕಳಿಗೂ ಕೂಗಿ ಹೇಳಬೇಕಾಗದೆ, ಆಕೆಯ ಅಗತ್ಯವಿರುವ ಐದಾರು ಮಕ್ಕಳ ಬಳಿ ಚಾಪೆಯ ಮೇಲೆ ಕುಳಿತಿರಬಹುದು. ಮಕ್ಕಳು ಬರೆದುದನ್ನು ತಲೆಯ ಮೇಲೆ ಕಟ್ಟಿದ ದಾರದ ಚಪ್ಪರಕ್ಕೆ ತೂಗುಹಾಕುತ್ತಾರೆ. ಯಾವ ಮಗುವು ಎಲ್ಲಿಗೆ ತಲಪಿದೆಯೆಂಬುದನ್ನು 'ಪ್ರಗತಿ ನೋಟ'ದಲ್ಲಿ ಗುರುತು ಮಾಡುತ್ತಾರೆ.

ಅಕ್ಷರ ಕಲಿಸುವ ಕ್ರಮದಲ್ಲಿಯೂ ವಿವೇಕವಿದೆ. ಅಕಾರದಿಂದ ಆರಂಭಿಸಿ ವರ್ಣಮಾಲೆಯನ್ನೆಲ್ಲ ಮುಗಿಸುವವರೆಗೆ ಮಗುವು ಒಂದು ಪದವನ್ನೂ ಓದಲಾರದೆ ಕಾಯುವಂತಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು ಮೊದಲು ಬರುತ್ತವೆ. ಅವಿಷ್ಟರಿಂದಲೇ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಮಗುವು 'ನಾನು ಓದಬಲ್ಲೆ' ಎಂದು ಮನೆಯಲ್ಲಿ ಹೇಳಿಕೊಳ್ಳಬಹುದು. ಆ ಹೆಮ್ಮೆಯೇ ಮುಂದಿನ ಅಕ್ಷರಗಳಿಗೆ ದಾರಿಯಾಗುತ್ತದೆ.

ನಮ್ಮ ಗುಡ್ಡಗಾಡಿಗೆ ಈ ಪದ್ಧತಿಯಿಂದ ಆಗುವ ಮುಖ್ಯ ಪ್ರಯೋಜನವು ಯಾವುದೆಂದರೆ, ಮಳೆಗೋ ಕೊಯ್ಲಿಗೋ ಆನೆಯ ಭಯಕ್ಕೋ ಶಾಲೆ ಬಿಟ್ಟಿದ್ದ ಮಗುವು ಮರಳಿ ಬಂದಾಗ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಅದರ ಜಾಗವನ್ನು ಯಾರೂ ಕಸಿದುಕೊಂಡಿರುವುದಿಲ್ಲ. ಮುಂದೆ ೨೦೦೯-೧೦ನೆಯ ಸಾಲಿನಿಂದ ಸರಕಾರವು ಇದನ್ನು ರಾಜ್ಯದ ಸರಕಾರೀ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು. ಹೀಗೆ ಅದು ನಮ್ಮ ಬೆಟ್ಟಗಳನ್ನೂ ಹತ್ತಿ ಬಂದಿತು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕೋಟೆಯ ಉಪಾಧ್ಯಾಯರಿಗೆ ಕಾರ್ಡಿನ ಹಿಂದಿನ ಕಾರಣವು ತಿಳಿದಿತ್ತು, ಏಕೆಂದರೆ ಅದನ್ನು ಬರೆದವರು ಅವರೇ. ದೂರದ ಶಾಲೆಯ ಉಪಾಧ್ಯಾಯರಿಗಾದರೋ ಕಾರ್ಡುಗಳ ಪೆಟ್ಟಿಗೆಯೂ ಸುತ್ತೋಲೆಯೂ ಮೊದಲು ಬಂದುವು. ಕಾರಣವು ಬಹು ನಿಧಾನವಾಗಿ ಬಂದಿತು. ಕಾರಣ ತಿಳಿಯದ ಕಡೆಗಳಲ್ಲಿ ಏಣಿಯು ಗೋಡೆಯ ಅಲಂಕಾರವಾಗಿ, ಪ್ರಗತಿ ನೋಟವು ತನಿಖೆಯ ದಿನ ತುಂಬಿಸುವ ಕಾಗದವಾಗಿ ಪರಿಣಮಿಸುವುದು ಸಹಜ. ಇದು ನಮ್ಮ ನಾಡಿಗೆ ಮಾತ್ರ ಸೇರಿದ ದೋಷವೂ ಅಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಎಗ್ಮೂರಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ಈ ದೇಶದ ಒಂದು ಕೂಲಿಮಠದಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡನು. ತನ್ನ ಶಾಲೆಯಲ್ಲಿಯೂ ಹಾಗೆಯೇ ಕಲಿಸಿರೆಂದಾಗ ಅಲ್ಲಿಯ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಅವನು ಎಂಟು ವರ್ಷದ ಒಬ್ಬ ಹುಡುಗನಿಗೆ ಆ ಕೆಲಸವನ್ನು ವಹಿಸಿದನು, ಹುಡುಗನು ಅದನ್ನು ಚೆನ್ನಾಗಿ ನೆರವೇರಿಸಿದನು. ೧೭೯೭ರಲ್ಲಿ ಬೆಲ್ಲನು ಈ ಪ್ರಯೋಗದ ವರದಿಯನ್ನು ಲಂಡನ್ನಿನಲ್ಲಿ ಪ್ರಕಟಿಸಲು, ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಆ 'ಮದರಾಸು ಪದ್ಧತಿ'ಯು ಇಂಗ್ಲೆಂಡಿನಲ್ಲೆಲ್ಲ ಹರಡಿತು. ಆದರೆ ಒಂದು ಕೊಠಡಿಗೆ ನೂರಾರು ಮಕ್ಕಳನ್ನು ತುಂಬಿ ಕವಾಯತಿನಂತೆ ನಡೆಸಿದಾಗ ಅದರ ಜೀವವು ಉಳಿಯಲಿಲ್ಲ. ಹೊರಗಿನ ಆಕಾರವು ಸುಲಭವಾಗಿ ಊರಿಂದೂರಿಗೆ ಸಾಗುತ್ತದೆ. ಒಳಗಿನ ತಿಳಿವಳಿಕೆಯು ಸಾಗಬೇಕಾದರೆ ಮನುಷ್ಯರು ಮನುಷ್ಯರನ್ನು ಕಂಡು ಮಾತನಾಡಬೇಕು.

ಶಾಲೆಗಿಂತ ಮುಂಚಿನ ವಯಸ್ಸಿನ ಕೂಸುಗಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ೧೯೫೧ರ ತೋಟ ಕಾರ್ಮಿಕರ ಕಾಯಿದೆಯು, ಐವತ್ತು ಅಥವಾ ಹೆಚ್ಚು ಮಂದಿ ಹೆಂಗಸರು ದುಡಿಯುವ ತೋಟಗಳಲ್ಲಿ ಅವರ ಮಕ್ಕಳಿಗಾಗಿ ಶಿಶುಗೃಹವಿರಬೇಕೆಂದು ವಿಧಿಸಿತು. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದು ಮೊದಲು ತಿರುಮಕೂಡಲು ನರಸೀಪುರದಲ್ಲಿ ಕಾಲಿಟ್ಟಿತು. ಅಲ್ಲಿಂದ ಅಂಗನವಾಡಿಗಳು ರಾಜ್ಯದ ಹಳ್ಳಿಹಳ್ಳಿಗೂ ಬಂದುವು. ಈಗ ಗ್ರಾಮ ಪಂಚಾಯಿತಿಗಳ 'ಕೂಸಿನ ಮನೆ'ಗಳೂ ಇವುಗಳ ಜೊತೆಗೂಡಿವೆ. ಇಷ್ಟಿದ್ದರೂ ಅಂಗನವಾಡಿಯ ಕಾರ್ಯಕರ್ತೆಯೂ ಒಂದನೆಯ ತರಗತಿಯ ಉಪಾಧ್ಯಾಯಿನಿಯೂ ಒಂದೇ ಅಂಗಳದಲ್ಲಿದ್ದರೂ ಕೆಲಸದ ಮಾತನ್ನು ಆಡದೆ ವರ್ಷ ಕಳೆಯುವುದುಂಟು. ಇಬ್ಬರ ಇಲಾಖೆಗಳೂ ಬೇರೆ, ದಫ್ತರಗಳೂ ಬೇರೆ. ಮೂರು ವರ್ಷ ಆ ಮಗುವನ್ನು ನೋಡಿಕೊಂಡವಳಿಗೆ, ಅದು ಮನೆಯಲ್ಲಿ ತಮಿಳಾಡುತ್ತದೆ, ಅಪರಿಚಿತರೆದುರು ಬಾಯಿಬಿಡುವುದಿಲ್ಲ, ಹಾಡಿದರೆ ಮಾತ್ರ ದನಿಗೂಡಿಸುತ್ತದೆ ಎಂಬುದೆಲ್ಲ ತಿಳಿದಿರುತ್ತದೆ. ಮೇ ತಿಂಗಳ ಕೊನೆಯಲ್ಲಿ ಈ ಇಬ್ಬರೂ ಒಂದು ಮಧ್ಯಾಹ್ನ ಕುಳಿತು, ಶಾಲೆಗೆ ಸೇರುವ ಒಂದೊಂದು ಮಗುವನ್ನೂ ಹೆಸರು ಹಿಡಿದು ಮಾತನಾಡಿದರೆ ಜೂನಿನ ಅರ್ಧ ಅಳು ತಪ್ಪುತ್ತದೆ. ಇದಕ್ಕೆ ಹಣವೂ ಬೇಡ, ಆಜ್ಞೆಯೂ ಬೇಡ.

ಹಾಗಾದರೆ ಅನುಭವವನ್ನು ಹಂಚಿಕೊಳ್ಳುವ ಸರಿಯಾದ ಕ್ರಮವೇನು? ನಮಗೆ ತೋರುವುದನ್ನು ನಾಲ್ಕು ಅಂಶಗಳಲ್ಲಿ ಹೇಳುತ್ತೇವೆ. ಮೊದಲನೆಯದಾಗಿ, ಕೇಳುವುದಕ್ಕಿಂತ ನೋಡುವುದು ಮೇಲು. ನೆರೆಯ ಶಾಲೆಯಲ್ಲಿ ಮಕ್ಕಳೆಲ್ಲರೂ ಓದುತ್ತಾರೆಂದು ಕೇಳಿದರೆ ಅಲ್ಲಿಗೆ ಹೋಗಿ ಬೆಳಗಿನಿಂದ ಊಟದ ಹೊತ್ತಿನವರೆಗೆ ಸುಮ್ಮನೆ ಒಂದು ಮೂಲೆಯಲ್ಲಿ ಕುಳಿತು, ಉಪಾಧ್ಯಾಯಿನಿಯನ್ನು ನೋಡುವುದನ್ನು ಬಿಟ್ಟು ಮಕ್ಕಳನ್ನು ನೋಡಬೇಕು. ಎರಡನೆಯದಾಗಿ, ಒಂದು ಸಲಕ್ಕೆ ಒಂದನ್ನೇ ತರಬೇಕು. ಒಣಮರಳಿನ ತಟ್ಟೆಯಲ್ಲಿ ಅಕ್ಷರ ತಿದ್ದಿಸುವುದಾಗಲಿ, ದೊಡ್ಡ ಮಗುವನ್ನು ಚಿಕ್ಕ ಮಗುವಿಗೆ ಜೊತೆಮಾಡುವುದಾಗಲಿ, ಯಾವುದಾದರೊಂದನ್ನು ಒಂದು ತಿಂಗಳು ನಡೆಸಿ ನೋಡಿದ ಮೇಲೆ ಮುಂದಿನದನ್ನು ಯೋಚಿಸಬಹುದು. ಮೂರನೆಯದಾಗಿ, ಫಲಿಸದೆ ಹೋದುದನ್ನೂ ಹೇಳಿಕೊಳ್ಳಬೇಕು. ಸಮೂಹ ಸಂಪನ್ಮೂಲ ಕೇಂದ್ರಗಳ ಸಮಾಲೋಚನಾ ಸಭೆಗಳು ಏರ್ಪಟ್ಟಿರುವುದು ಇದಕ್ಕಾಗಿಯೇ. ಅಂಕಿಅಂಶಗಳನ್ನು ಒಪ್ಪಿಸುವುದರಲ್ಲಿಯೇ ಅಲ್ಲಿ ಹೊತ್ತು ಕಳೆದರೆ, 'ಈ ಪಾಠ ನನ್ನ ಮಕ್ಕಳಿಗೆ ಹತ್ತಲಿಲ್ಲ, ನಿಮಗೆ ಹೇಗೆ ಹತ್ತಿತು?' ಎಂಬ ಪ್ರಶ್ನೆಗೆ ಎಡೆಯೇ ಇರುವುದಿಲ್ಲ. ಆ ಒಂದು ಪ್ರಶ್ನೆಗೆ ಪ್ರತಿ ಸಭೆಯಲ್ಲಿಯೂ ಅರ್ಧ ಗಂಟೆಯನ್ನು ಮೀಸಲಿಡುವುದು ಉಚಿತ. ನಾಲ್ಕನೆಯದಾಗಿ, ಬರೆದಿಡಬೇಕು. ಒಂದು ಸಾಧಾರಣ ನೋಟುಪುಸ್ತಕದಲ್ಲಿ ಊರಿನ ಮಕ್ಕಳ ಭಾಷೆ, ಕೊಯ್ಲಿನ ದಿನಗಳು, ಫಲಿಸಿದ ಪಾಠ, ಫಲಿಸದ ಪಾಠ ಇವನ್ನು ಬರೆದು ವರ್ಗವಾಗುವಾಗ ಬೀಗದ ಕೈಯೊಡನೆ ಮುಂದಿನವರಿಗೆ ಒಪ್ಪಿಸಿದರೆ, ಶಾಲೆಗೆ ಒಂದು ನೆನಪು ಹುಟ್ಟುತ್ತದೆ.

೨೦೨೦ರಲ್ಲಿ ಮಹಾವ್ಯಾಧಿಯಿಂದ ಶಾಲೆಗಳು ಮುಚ್ಚಿದ್ದಾಗ 'ವಿದ್ಯಾಗಮ'ವೆಂಬ ಏರ್ಪಾಟಿನಲ್ಲಿ ಉಪಾಧ್ಯಾಯರು ಮಕ್ಕಳಿದ್ದೆಡೆಗೇ ಹೋಗಿ, ಗುಡಿಯ ಜಗಲಿ, ಮರದ ನೆರಳುಗಳಲ್ಲಿ ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಅದು ಕೆಲವು ತಿಂಗಳುಗಳಷ್ಟೇ ನಡೆಯಿತು. ಆದರೆ ಶಾಲೆಯೆಂದರೆ ಕಟ್ಟಡವಲ್ಲವೆಂಬುದು ಆಗ ಸಿದ್ಧವಾಯಿತು. ಗುಡ್ಡದ ಮೇಲಿನ ಒಂಟಿ ಉಪಾಧ್ಯಾಯಿನಿಯ ಕೊರತೆಯೂ ಕಟ್ಟಡದ್ದಾಗಲಿ ಪುಸ್ತಕದ್ದಾಗಲಿ ಮಾತ್ರವಲ್ಲ. ತನ್ನ ಕೆಲಸದ ಕಷ್ಟವನ್ನು ಬಲ್ಲ ಮತ್ತೊಬ್ಬಳು ಹತ್ತಿರದಲ್ಲಿಲ್ಲವೆಂಬುದೇ ದೊಡ್ಡ ಕೊರತೆ.

ಈ ಸಂಚಿಕೆಯನ್ನು ಓದುವ ಸೋದರಿಯರಲ್ಲಿ ಅನೇಕರು ಉಪಾಧ್ಯಾಯಿನಿಯರಾಗಿಯೂ ಅಂಗನವಾಡಿಯ ಕಾರ್ಯಕರ್ತೆಯರಾಗಿಯೂ ತಾಯಂದಿರಾಗಿಯೂ ಇರುವರು. ಮಕ್ಕಳು ಕಡಿಮೆಯಾದ ಕಿರುಶಾಲೆಯು ಒಂದು ಸಲ ಮುಚ್ಚಿಹೋದರೆ, ಲೈನುಮನೆಯ ಚಿಕ್ಕ ಹುಡುಗಿಗೆ ಮುಂದಿನ ಶಾಲೆಯು ನಡೆಯಲಾರದಷ್ಟು ದೂರವಾಗುತ್ತದೆ. ಆಕೆಯ ಓದು ಅಲ್ಲಿಗೇ ನಿಂತೀತು. ಆ ಶಾಲೆಯಲ್ಲಿ ಮಕ್ಕಳು ನಿಜವಾಗಿಯೂ ಓದು ಬರೆಹ ಕಲಿಯುತ್ತಾರೆಂದು ಊರವರಿಗೆ ಮನದಟ್ಟಾದರೆ ಅದನ್ನು ಉಳಿಸಿಕೊಳ್ಳಲು ಅವರೇ ಮುಂದೆ ಬರುತ್ತಾರೆ. ಆದುದರಿಂದ ನಮ್ಮಲ್ಲಿ ಯಾರ ಬಳಿ ಒಂದು ಒಳ್ಳೆಯ ಪಾಠವಿದೆಯೋ ಅವರು ಅದನ್ನು ನೆರೆಯವಳಿಗೆ ತೋರಿಸಲಿ. ಯಾರಿಗೆ ಒಂದು ಕಷ್ಟವಿದೆಯೋ ಅವರು ಸಂಕೋಚಪಡದೆ ಕೇಳಲಿ. ಮುಂದಿನ ಜೂನಿನ ಮಳೆ ಹಿಡಿಯುವುದರೊಳಗಾಗಿ ಪ್ರತಿಯೊಬ್ಬರೂ ಒಂದು ನೆರೆಯ ಶಾಲೆಯನ್ನಾದರೂ ನೋಡಿಬರಬೇಕೆಂದು ನಾವು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.